ಊರೆಂಬ ಮನೆ: ಚಿಕಾಗೋ ಮಹಿಳಾ ಸಂಘಗಳ ಹುಟ್ಟು ಮತ್ತು ಉದ್ದೇಶ

ಕ್ಲಬ್ಬು ಎಂಬ ಮಾತು ಕಿವಿಗೆ ಬಿದ್ದೊಡನೆ ಇಸ್ಪೀಟಿನ ಮೇಜು, ಟೆನಿಸ್ ಅಂಗಳ, ಸಂಜೆಯ ಕಾಫಿ ಇವು ನಮ್ಮ ಕಣ್ಣೆದುರು ನಿಲ್ಲುತ್ತವೆ. ಹೆಂಗಸರ ಕ್ಲಬ್ಬೆಂದರಂತೂ ಕೇಳುವುದೇ ಬೇಡ. ಕಸೂತಿ, ರಂಗೋಲಿ ಸ್ಪರ್ಧೆ, ವರ್ಷಕ್ಕೊಂದು ವಾರ್ಷಿಕೋತ್ಸವ ಎಂದು ಎಣಿಸಿ ಮುಗುಳ್ನಗುವವರೇ ಬಹಳ. ಈ ನಗೆ ನಮ್ಮ ನಾಡಿನಲ್ಲಿ ಮಾತ್ರ ಕೇಳಿಬಂದುದಲ್ಲ. 1905ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಹೆಂಗಸರ ಪತ್ರಿಕೆಯೊಂದರಲ್ಲಿಯೇ ಲೇಖನ ಬರೆದು, ಸ್ತ್ರೀಯರಿಗೆ ಕ್ಷೇಮಕರವಾದ ಕ್ಲಬ್ಬು ಅವರವರ ಮನೆಯೇ ಎಂದು ಬುದ್ಧಿ ಹೇಳಿದರು. ಸೋಜಿಗವೆಂದರೆ, ಅವರು ಹಾಗೆ ಬರೆಯುವ ಹೊತ್ತಿಗೆ ಆ ದೇಶದ ಮಹಿಳಾ ಸಂಘಗಳು ನಗರವೂ ಒಂದು ದೊಡ್ಡ ಮನೆಯೇ ಎಂದು ವಾದಿಸಿ, ಆ ಮನೆಯ ಕಸದ ಲೆಕ್ಕ ತೆಗೆಯಲಾರಂಭಿಸಿ ಹತ್ತು ವರ್ಷಗಳೇ ಕಳೆದಿದ್ದವು. ಗೃಹಿಣಿಯ ಧರ್ಮವೆಂಬ ಮಾತನ್ನು ಇಬ್ಬರೂ ಆಡುತ್ತಿದ್ದರು. ಮನೆ ಎಲ್ಲಿಗೆ ಮುಗಿಯುತ್ತದೆ ಎಂಬಲ್ಲಿ ಮಾತ್ರ ಭೇದ. ಈ ಭೇದ ಹೇಗೆ ಹುಟ್ಟಿತು, ಅದರಿಂದ ಏನಾಯಿತು ಎಂಬುದನ್ನು ಚಿಕಾಗೋ ನಗರವನ್ನು ಮುಖ್ಯವಾಗಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಕಥೆ ಮೊದಲಾಗುವುದು ನ್ಯೂಯಾರ್ಕಿನ ಒಂದು ಊಟದಿಂದ. 1868ರಲ್ಲಿ ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಮೆರಿಕದ ಪ್ರವಾಸ ಮುಗಿಸಿ ಹೊರಡುವ ಮುನ್ನ, ಅಲ್ಲಿಯ ಪತ್ರಕರ್ತರ ಸಂಘವು ಡೆಲ್ಮೊನಿಕೊ ಎಂಬ ಹೆಸರಾಂತ ಭೋಜನಶಾಲೆಯಲ್ಲಿ ಆತನಿಗೆ ಔತಣವನ್ನು ಏರ್ಪಡಿಸಿತು. ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ಎಂಬಾಕೆ ಆಗಲೇ ಹೆಸರು ಪಡೆದ ಪತ್ರಕರ್ತೆ. ತನಗೂ ಒಂದು ಟಿಕೆಟ್ಟು ಬೇಕೆಂದು ಆಕೆ ಕೇಳಿದಳು. ಕೇಳಿದುದಕ್ಕೆ ಸಿಕ್ಕಿದುದು ಪರಿಹಾಸ್ಯ. ಕಡೆಗೆ ಒಪ್ಪಿದಂತೆ ಮಾಡಿದರೂ ಆ ಒಪ್ಪಿಗೆಯಲ್ಲಿ ಆದರವಿರಲಿಲ್ಲ. ಆಕೆ ಹೋಗಲಿಲ್ಲ, ಬದಲಾಗಿ ಅದೇ ವಸಂತ ಋತುವಿನಲ್ಲಿ ಗೆಳತಿಯರನ್ನು ಕೂಡಿಸಿ ಹೆಂಗಸರದೇ ಒಂದು ಸಂಘವನ್ನು ಕಟ್ಟಿದಳು, ಅದರ ಸಭೆಯನ್ನು ಅದೇ ಡೆಲ್ಮೊನಿಕೊದಲ್ಲಿ ಸೇರಿಸಿದಳು! ಆಲಿಸ್ ಕೇರಿ ಎಂಬ ಕವಯಿತ್ರಿ ಅದರ ಮೊದಲ ಅಧ್ಯಕ್ಷಿಣಿ.

ಪತ್ರಕರ್ತರ ಸಂಘದವರಿಗೆ ಆಮೇಲೆ ಸ್ವಲ್ಪ ನಾಚಿಕೆಯಾಗಿರಬೇಕು. ಅವರು ಈ ಹೆಂಗಸರನ್ನು ಬೆಳಗಿನ ಉಪಾಹಾರಕ್ಕೆ ಕರೆದರು. ಅಲ್ಲಿ ಗಂಡಸರೇ ಭಾಷಣ ಮಾಡಿದರು. ಬಂದವರಿಗೆ ತಿನ್ನುವುದು, ಕೇಳುವುದು, ಇವೆರಡೇ ಕೆಲಸ. ಹೆಂಗಸರು ಇದಕ್ಕೆ ಪ್ರತಿಯಾಗಿ ಆ ಮಹನೀಯರನ್ನು ಚಹಾಕ್ಕೆ ಆಹ್ವಾನಿಸಿ, ಎಲ್ಲ ಭಾಷಣಗಳನ್ನೂ ತಾವೇ ಮಾಡಿ, ಅತಿಥಿಗಳು ಬಾಯಿ ತೆರೆಯದಂತೆ ಕೂರಿಸಿ ಕಳುಹಿದರು. ಮೂರನೆಯ ಸಲ ಎರಡು ಸಂಘಗಳೂ ಸೇರಿ, ತಮ್ಮ ತಮ್ಮ ಖರ್ಚನ್ನು ತಾವೇ ಕೊಟ್ಟುಕೊಂಡು, ಸಮಸಮವಾಗಿ ಮಾತನಾಡಿ ಊಟ ಮಾಡಿದುವು.

ಈ ಸಂಘಕ್ಕೆ ಅವರು ಇಟ್ಟ ಹೆಸರು ‘ಸೊರೋಸಿಸ್’. ಸಸ್ಯಶಾಸ್ತ್ರದ ತರಗತಿಯಲ್ಲಿ ಕುಳಿತ ನಮ್ಮ ಮಿತ್ರರಿಗೆ ಈ ಮಾತು ಹೊಸದಲ್ಲ. ಅನೇಕ ಹೂವುಗಳು ಒಂದೇ ದಿಂಡಿನ ಸುತ್ತ ಕೂಡಿಕೊಂಡು ಒಂದೇ ಹಣ್ಣಾಗುವುದಕ್ಕೆ ಆ ಹೆಸರು. ಅನಾನಸು, ಹಿಪ್ಪುನೇರಳೆ, ನಮ್ಮ ಹಲಸು ಎಲ್ಲವೂ ಈ ಜಾತಿಯವೇ. ಹಲಸಿನ ಹಣ್ಣಿನ ಹೆಸರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಂಘವಿತ್ತೆಂದರೆ ನಮ್ಮ ಮಲೆನಾಡಿನವರಿಗೆ ಸಂತೋಷವಾಗಬೇಕು. ಹೊರಗೆ ಮುಳ್ಳು, ಒಳಗೆ ತೊಳೆ ಎಂಬ ಅರ್ಥವನ್ನು ಅವರು ಎಣಿಸಿರಲಾರರು, ಎಣಿಸಿದ್ದರೂ ತಪ್ಪಾಗುತ್ತಿರಲಿಲ್ಲ.

ಅದೇ ವರ್ಷ ಬಾಸ್ಟನ್ನಿನಲ್ಲಿಯೂ ಒಂದು ಮಹಿಳಾ ಸಂಘ ಹುಟ್ಟಿತು, ಆಮೇಲೆ ಊರೂರಿನಲ್ಲಿಯೂ. ಇವು ಮೊದಮೊದಲು ಮಾಡಿದುದು ಓದು. ಶೇಕ್ಸ್‌ಪಿಯರ್, ಡಾಂಟೆ, ಬ್ರೌನಿಂಗ್, ಗ್ರೀಕರ ಕಲೆ, ಇವುಗಳ ಮೇಲೆ ಒಬ್ಬೊಬ್ಬರು ಪ್ರಬಂಧ ಬರೆದು ತಂದು ಓದುವುದು, ಉಳಿದವರು ಚರ್ಚಿಸುವುದು. ಕಾಲೇಜಿನ ಮೆಟ್ಟಿಲು ಹತ್ತದ, ಮಕ್ಕಳನ್ನು ಹೆತ್ತು ಸಾಕಿ ನಲವತ್ತು ದಾಟಿದ ಗೃಹಿಣಿಯರೇ ಇವರಲ್ಲಿ ಹೆಚ್ಚು. ಪತ್ರಿಕೆಗಳು ಇದನ್ನೂ ಹಾಸ್ಯ ಮಾಡಿದುವು. ಆದರೆ ಈ ಪ್ರಬಂಧಗಳಲ್ಲಿ ವಿದ್ವತ್ತು ಎಷ್ಟಿತ್ತೆಂದು ಅಳೆಯುವುದು ವ್ಯರ್ಥ. ನಾಲ್ಕು ಜನರ ಮುಂದೆ ಎದ್ದು ನಿಂತು ನಡುಗದೆ ಮಾತನಾಡುವುದು, ಗೊತ್ತುವಳಿ ಮಂಡಿಸುವುದು, ತನ್ನ ಮಾತು ಸೋತಾಗ ಮುನಿಸಿಕೊಂಡು ಮನೆಗೆ ಹೋಗದಿರುವುದು, ಚಂದಾ ಹಣಕ್ಕೆ ಲೆಕ್ಕ ಬರೆಯುವುದು, ಇವನ್ನು ಅವರು ಅಲ್ಲಿ ಕಲಿತರು. ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಮೊದಲ ಸಲ ವೇದಿಕೆ ಹತ್ತಿದವರಿಗೆ ಈ ವಿದ್ಯೆಯ ಬೆಲೆ ಗೊತ್ತು. ಸಭೆಗಳನ್ನು ನಡೆಸುವ ಕ್ರಮವನ್ನು ವಿವರಿಸುವ ಹೆನ್ರಿ ರಾಬರ್ಟನ ಪ್ರಸಿದ್ಧ ನಿಯಮಾವಳಿ ಅಚ್ಚಾದುದು 1876ರಲ್ಲಿ, ಚಿಕಾಗೋದಲ್ಲಿ. ಕ್ಯಾರೊಲಿನ್ ಬ್ರೌನ್ ಎಂಬಾಕೆ ಚಿಕಾಗೋ ಮಹಿಳಾ ಸಂಘವನ್ನು ಸ್ಥಾಪಿಸಿದುದೂ ಅದೇ ವರ್ಷವೇ.

ಚಿಕಾಗೋ ಆಗ ಎಂಥ ಊರು! 1871ರ ಮಹಾ ಅಗ್ನಿಯಲ್ಲಿ ಸುಟ್ಟು, ಮತ್ತೆ ಎದ್ದು ನಿಂತಿತ್ತು. 1880ರಲ್ಲಿ ಸುಮಾರು 5 ಲಕ್ಷವಿದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ ಸುಮಾರು 11 ಲಕ್ಷಕ್ಕೆ ಏರಿತು. ಐರ್ಲೆಂಡು, ಜರ್ಮನಿ, ಇಟಲಿ, ಪೋಲೆಂಡು, ರಷ್ಯಾಗಳಿಂದ ಬಂದವರು ಕಸಾಯಿಖಾನೆಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದು ಮರದ ಮನೆಗಳಲ್ಲಿ ಒತ್ತಾಗಿ ವಾಸಿಸುತ್ತಿದ್ದರು. ಇಂಥ ಊರಿನಲ್ಲಿ ಡಾಂಟೆಯ ನರಕವನ್ನು ಪುಸ್ತಕದಲ್ಲಿ ಹುಡುಕುವುದು ಎಷ್ಟು ದಿನ ನಡೆದೀತು? ಚಿಕಾಗೋ ಮಹಿಳಾ ಸಂಘವು ಆರಂಭದಿಂದಲೇ ಗೃಹ, ಶಿಕ್ಷಣ, ಪರೋಪಕಾರ, ಸುಧಾರಣೆ ಎಂಬ ವಿಭಾಗಗಳನ್ನು ಮಾಡಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಅದರ ಸದಸ್ಯೆಯರು ಸೆರೆಮನೆಯಲ್ಲಿ ಹೆಣ್ಣು ಕೈದಿಗಳ ಮೇಲ್ವಿಚಾರಣೆಗೆ ಹೆಂಗಸರನ್ನೇ ನೇಮಿಸಬೇಕೆಂದು ಹಟ ಹಿಡಿದು ಸಾಧಿಸಿದರು. ಇಡೀ ದೇಶದ ಸಂಘಗಳು 1890ರಲ್ಲಿ ಒಂದು ಮಹಾಮಂಡಲವಾಗಿ ಕೂಡಿಕೊಂಡುವು. 1904ರಲ್ಲಿ ಅದರ ಅಧ್ಯಕ್ಷಿಣಿಯಾಗಿ ಆಯ್ಕೆಯಾದ ಸಾರಾ ಪ್ಲಾಟ್ ಡೆಕರ್, ಡಾಂಟೆ ತೀರಿಕೊಂಡು ಶತಮಾನಗಳಾದುವು, ಆತನ ನರಕವನ್ನು ಬಿಟ್ಟು ಇನ್ನು ನಮ್ಮ ನರಕದ ಕಡೆ ನೋಡೋಣ ಎಂಬರ್ಥದ ಮಾತು ಹೇಳಿದರೆಂದು ಪ್ರಸಿದ್ಧಿ. ಚಿಕಾಗೋದವರಿಗೆ ಅಷ್ಟರಲ್ಲಿ ಆ ನರಕದ ಓಣಿಗಳ ಪರಿಚಯ ಚೆನ್ನಾಗಿಯೇ ಆಗಿತ್ತು.

ಆ ಓಣಿಗಳಿಗೆ ದಾರಿ ತೋರಿದುದು ಹಲ್ ಹೌಸ್. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ವಿದ್ಯಾವಂತ ಯುವತಿಯರು ನಗರದ 19ನೆಯ ವಾರ್ಡಿನ ಬಡಜನರ ನಡುವೆ ಒಂದು ಹಳೆಯ ಮನೆಯನ್ನು ಹಿಡಿದು ಅಲ್ಲಿಯೇ ವಾಸಕ್ಕೆ ನಿಂತರು. ಆ ಮನೆಯಲ್ಲಿ ಸೇರುತ್ತಿದ್ದ ಸುತ್ತಮುತ್ತಲಿನ ಹೆಂಗಸರದೂ ಒಂದು ಸಂಘವಾಯಿತು. ಇವರು ಶ್ರೀಮಂತರಲ್ಲ, ದಿನದ ಗೃಹಕೃತ್ಯ ಮುಗಿಸಿ ಸಂಜೆಗೆ ಬರುವವರು. ವಾರ್ಡಿನ ಓಣಿಗಳಲ್ಲಿ ಕಸ ಹಾಕಲು ಮರದ ದೊಡ್ಡ ಪೆಟ್ಟಿಗೆಗಳಿದ್ದುವು. ಅವು ತುಂಬಿ ಹೊರಚೆಲ್ಲಿ ಕೊಳೆಯುತ್ತಿದ್ದುವು. ಮಕ್ಕಳು ಅವುಗಳ ಮೇಲೆಯೇ ಹತ್ತಿ ಆಡುತ್ತಿದ್ದರು. ಕಸ ಸಾಗಿಸುವ ಗುತ್ತಿಗೆ ಪಡೆದವರಿಗೆ ಹಣ ಸಂದಾಯವಾಗುತ್ತಿತ್ತು, ಕಸ ಮಾತ್ರ ಇದ್ದಲ್ಲಿಯೇ ಇತ್ತು. (ಈ ವಾಕ್ಯವನ್ನು ಓದುವವರಿಗೆ ಚಿಕಾಗೋ ಅಷ್ಟೇನೂ ದೂರದ ಊರೆಂದು ತೋರಲಾರದು.)

1894ರ ಬೇಸಿಗೆಯಲ್ಲಿ ಈ ಸಂಘದ ಹನ್ನೆರಡು ಮಂದಿ ಹೆಂಗಸರು ಹಲ್ ಹೌಸಿನ ನಿವಾಸಿಗಳೊಡನೆ ಸೇರಿ ಕೆಲಸಕ್ಕೆ ತೊಡಗಿದರು. ವಾರಕ್ಕೆ ಮೂರು ಸಂಜೆ ಓಣಿಗಳನ್ನು ಸುತ್ತಿ, ಎಲ್ಲೆಲ್ಲಿ ಕಾನೂನು ಮುರಿದಿದೆಯೆಂದು ನೋಡಿ ಬರೆದುಕೊಳ್ಳುವುದು ಅವರ ಕ್ರಮ. ಇಡೀ ದಿನ ದುಡಿದ ಹೆಂಗಸಿಗೆ ಬೇಸಿಗೆಯ ಸಂಜೆ ದುರ್ನಾತದ ಓಣಿಯಲ್ಲಿ ನಡೆದು ಅಪರಿಚಿತರ ಮನೆಯ ಕಸದ ವಿಷಯ ಕೇಳುವುದೆಂದರೆ ಸುಲಭವಲ್ಲ. ಆಗಸ್ಟ್ ಮತ್ತು ಸೆಪ್ಟೆಂಬರ್ ಎರಡೇ ತಿಂಗಳಲ್ಲಿ ಅವರು ಆರೋಗ್ಯ ಇಲಾಖೆಗೆ ಕಳುಹಿಸಿದ ದೂರುಗಳು 1,037. ಒಂದೊಂದೂ ಕಣ್ಣಾರೆ ಕಂಡು, ವಿಳಾಸ ಸಹಿತ ಬರೆದುದು.

ಆದರೂ ಕೆಲಸ ಪೂರ್ತಿಯಾಗಲಿಲ್ಲ. ಮುಂದಿನ ವಸಂತದಲ್ಲಿ, ಎಂದರೆ 1895ರಲ್ಲಿ, ಜೇನ್ ಆಡಮ್ಸ್ ವಾರ್ಡಿನ ಕಸ ಸಾಗಿಸುವ ಗುತ್ತಿಗೆಗೆ ತಾನೇ ಟೆಂಡರು ಹಾಕಿದಳು. ಯಾವುದೋ ತಾಂತ್ರಿಕ ಕಾರಣಕ್ಕೆ ಅದು ತಿರಸ್ಕೃತವಾಯಿತು. ಆದರೆ ಊರೆಲ್ಲ ಸುದ್ದಿಯಾಯಿತು. ನಗರಾಧ್ಯಕ್ಷನು ಆಕೆಯನ್ನು ಆ ವಾರ್ಡಿನ ಕಸದ ಇನ್‌ಸ್ಪೆಕ್ಟರಾಗಿ ನೇಮಿಸಿದನು. ವರ್ಷಕ್ಕೆ ಸಾವಿರ ಡಾಲರ್ ಸಂಬಳ. ಮುಂದೆ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಈ ಮಹಿಳೆ ಬೆಳಗಿನ ಆರು ಗಂಟೆಗೆ ಎದ್ದು ಕಸದ ಬಂಡಿಗಳ ಹಿಂದೆ ಹೋಗಿ, ಅವು ನಿಜವಾಗಿಯೂ ಸುರಿಯುವ ಜಾಗದವರೆಗೆ ಹೋಗುತ್ತವೆಯೇ ಎಂದು ನೋಡುತ್ತಿದ್ದಳು. ಬಂಡಿಗಳ ಸಂಖ್ಯೆಯನ್ನು ಹೆಚ್ಚಿಸುವಂತೆ ಗುತ್ತಿಗೆದಾರನನ್ನು ಒತ್ತಾಯಿಸಿದಳು. ಮನೆ ಮಾಲೀಕರನ್ನು ನ್ಯಾಯಾಲಯಕ್ಕೆ ಎಳೆದಳು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಕಸವನ್ನು ಅಗೆದು ತೆಗೆದಾಗ ಹದಿನೆಂಟು ಅಂಗುಲದ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು! ಅಲ್ಲಿ ವಾಸಿಸುತ್ತಿದ್ದವರಿಗೇ ತಮ್ಮ ಬೀದಿಗೆ ಕಲ್ಲು ಹಾಸಿದೆಯೆಂಬುದು ತಿಳಿದಿರಲಿಲ್ಲ. ನಗರದ ವಾರ್ಡುಗಳ ಮರಣ ಪ್ರಮಾಣದ ಪಟ್ಟಿಯಲ್ಲಿ ಮೂರನೆಯ ಸ್ಥಾನದಲ್ಲಿದ್ದ 19ನೆಯ ವಾರ್ಡು ಏಳನೆಯ ಸ್ಥಾನಕ್ಕೆ ಇಳಿಯಿತು. ಆ ವಿಷಯವನ್ನು ಸಂಘದ ಸಭೆಯಲ್ಲಿ ಓದಿದಾಗ ಹೆಂಗಸರಿಗೆ ಎಷ್ಟು ಹಿಗ್ಗಾಗಿರಬೇಡ!

ಹೆಣ್ಣು ಕಸದ ಬಂಡಿಯ ಹಿಂದೆ ಹೋಗುವುದು ಮರ್ಯಾದೆಯೇ ಎಂದು ನೆರೆಯ ವಲಸೆಗಾರ ಹೆಂಗಸರೇ ಹುಬ್ಬೇರಿಸಿದರು. ಆಡಮ್ಸ್ ಅವರಿಗೆ ಕೊಟ್ಟ ಸಮಾಧಾನದಲ್ಲಿ ಈ ಚಳವಳಿಯ ತಿರುಳೆಲ್ಲ ಅಡಗಿದೆ. ಹಳ್ಳಿಯಲ್ಲಿ ತನ್ನ ಅಂಗಳವನ್ನು ತಾನು ಗುಡಿಸಿಕೊಂಡರೆ ಸಾಕು. ಕಸ ಗಾಳಿ ಬಿಸಿಲಿಗೆ ಒಣಗಿ ಹೋದೀತು. ನಗರದ ಒತ್ತು ಮನೆಗಳಲ್ಲಿ ಹಾಗಲ್ಲ. ತಾಯಿ ತನ್ನ ಕೋಣೆಯನ್ನು ಎಷ್ಟೇ ಚೊಕ್ಕಟವಾಗಿಟ್ಟರೂ ಬೀದಿಯ ಕೊಳೆ ಆಕೆಯ ಮಗುವನ್ನು ಕೊಂಡೊಯ್ಯಬಹುದು. ಹಾಲು ಬರುವುದು ಆಕೆ ಕಾಣದ ಕೊಟ್ಟಿಗೆಯಿಂದ, ನೀರು ಬರುವುದು ಪುರಸಭೆಯ ನಲ್ಲಿಯಿಂದ. ಆದುದರಿಂದ ಒಳ್ಳೆಯ ತಾಯಿಯಾಗಬೇಕಾದರೂ ಆಕೆ ಪುರಸಭೆಯ ಕೆಲಸದಲ್ಲಿ ಕೈಯಿಡದೆ ಗತ್ಯಂತರವಿಲ್ಲ. ಕ್ಲೀವ್‌ಲೆಂಡರಂಥವರ ಬಾಣವನ್ನೇ ಹೀಗೆ ತಿರುಗಿಸಿ ಬಿಟ್ಟುದು ಈ ಹೆಂಗಸರ ಜಾಣ್ಮೆ. ಇದರಲ್ಲಿ ಒಂದು ತೊಡಕೂ ಉಂಟು: ಹೆಣ್ಣಿಗೆ ಊರಿನ ವಿಷಯದಲ್ಲಿ ಹಕ್ಕು ಬರುವುದು ತಾಯಿಯೆಂದೋ, ಪ್ರಜೆಯೆಂದೋ? ತಾಯ್ತನವನ್ನೇ ಮುಂದಿಟ್ಟು ವಾದಿಸಿದವರು ಈ ಪ್ರಶ್ನೆಯನ್ನು ಬದಿಗಿಟ್ಟರು ಎಂದೇ ನನ್ನ ಅಭಿಪ್ರಾಯ. ಆದರೆ ಮತಾಧಿಕಾರವಿಲ್ಲದ ಕಾಲದಲ್ಲಿ ಬೇರೆ ಯಾವ ವಾದ ಆ ಬಾಗಿಲನ್ನು ತೆರೆಯುತ್ತಿತ್ತೋ ಹೇಳುವುದು ಕಷ್ಟ.

ಚಿಕಾಗೋ ಸಂಘಗಳ ಕೆಲಸಗಳಲ್ಲೆಲ್ಲ ಶಾಶ್ವತವಾದುದು ಬಾಲಾಪರಾಧಿಗಳ ನ್ಯಾಯಾಲಯ. ಇಲಿನಾಯ್ ಸಂಸ್ಥಾನದಲ್ಲಿ ಹತ್ತು ವರ್ಷ ದಾಟಿದ ಹುಡುಗನನ್ನು ದೊಡ್ಡವರಂತೆಯೇ ವಿಚಾರಣೆಗೆ ಗುರಿಪಡಿಸಬಹುದಾಗಿತ್ತು. ರೈಲ್ವೆ ಅಂಗಳದಲ್ಲಿ ಕಲ್ಲಿದ್ದಲು ಕದ್ದವನೂ ಕಳ್ಳರು ಕುಡುಕರ ಜೊತೆಯಲ್ಲಿಯೇ ಲಾಕಪ್ಪಿನಲ್ಲಿ ರಾತ್ರಿ ಕಳೆಯಬೇಕು. ಮಹಿಳಾ ಸಂಘದವರು ಮೊದಲು ಮಾಡಿದುದು ಸೆರೆಮನೆಯಲ್ಲಿದ್ದ ಹುಡುಗರಿಗೆ ಪಾಠಶಾಲೆ. ಪಾಠ ಹೇಳಲು ಹೋದವರಿಗೆ, ಇವರು ಇಲ್ಲಿರಬೇಕಾದವರೇ ಅಲ್ಲ ಎಂಬುದು ಅರಿವಾಯಿತು. ಲೂಸಿ ಫ್ಲವರ್ ಮತ್ತು ಜೂಲಿಯಾ ಲೇತ್ರಪ್ ಎಂಬ ಇಬ್ಬರು ಇದರ ಮುಂದಾಳುಗಳು. ಲೇತ್ರಪ್ 1893ರಲ್ಲಿ ಸಂಸ್ಥಾನದ ಧರ್ಮಸಂಸ್ಥೆಗಳ ಮಂಡಲಿಯ ಸದಸ್ಯೆಯಾಗಿ, ಇಲಿನಾಯ್‌ನ 102 ಜಿಲ್ಲೆಗಳ ಅನಾಥಾಲಯ, ದರಿದ್ರಾಶ್ರಮಗಳನ್ನೆಲ್ಲ ತಾನೇ ಹೋಗಿ ನೋಡಿ ಬಂದವಳು.

ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕೆಂಬ ಮಸೂದೆ ಸಿದ್ಧವಾಗಬೇಕಾದಾಗ ಅವರು ತೋರಿದ ವಿವೇಕವನ್ನು ಗಮನಿಸಬೇಕು. ಇದು ಹೆಂಗಸರ ಮಸೂದೆ ಎಂಬ ಹೆಸರು ಬಂದರೆ ಶಾಸನಸಭೆಯಲ್ಲಿ ಬಿದ್ದುಹೋಗುವುದು ಖಂಡಿತವೆಂದು ಎಣಿಸಿ, ಅವರು ವಕೀಲರ ಸಂಘದ ಮೂಲಕ ಅದನ್ನು ಮುಂದಕ್ಕೆ ತಂದರು. ವರ್ಷಗಟ್ಟಲೆ ದುಡಿದು ಹೆಸರನ್ನು ಬೇರೆಯವರಿಗೆ ಬಿಟ್ಟುಕೊಡುವುದು ಎಲ್ಲರಿಂದಲೂ ಆಗುವ ಮಾತಲ್ಲ. 1899ರಲ್ಲಿ ಶಾಸನವಾಯಿತು, ಜುಲೈ 3ರಂದು ನ್ಯಾಯಾಧೀಶ ರಿಚರ್ಡ್ ಟಟ್‌ಹಿಲ್ಲರ ಎದುರಿನಲ್ಲಿ ನ್ಯಾಯಾಲಯ ಆರಂಭವಾಯಿತು. ಆದರೆ ಶಾಸನದಲ್ಲಿ ಒಂದು ವಿಚಿತ್ರವಿತ್ತು. ಮಕ್ಕಳನ್ನು ಮನೆಯಲ್ಲಿಯೇ ಇರಿಸಿ ನೋಡಿಕೊಳ್ಳುವ ಪರೀಕ್ಷಣಾಧಿಕಾರಿಗಳನ್ನು ನೇಮಿಸಬಹುದು, ಸಂಬಳ ಮಾತ್ರ ಸರಕಾರದ್ದಲ್ಲ! ಅಧಿಕಾರಿಗಳಿಲ್ಲದ ನ್ಯಾಯಾಲಯ ಎಣ್ಣೆಯಿಲ್ಲದ ದೀಪ. ಸಂಘದ ಹೆಂಗಸರು ಒಂದು ಸಮಿತಿ ಮಾಡಿಕೊಂಡು ಚಂದಾ ಎತ್ತಿ ಆ ಸಂಬಳವನ್ನು ತಾವೇ ಕೊಟ್ಟರು. ವಿಚಾರಣೆಯ ತನಕ ಮಕ್ಕಳನ್ನು ಸೆರೆಮನೆಯ ಬದಲು ಇರಿಸಲು ಒಂದು ಮನೆಯನ್ನೂ ನಡೆಸಿದರು. 1907ರಲ್ಲಿ ಈ ಭಾರವನ್ನು ಸರಕಾರ ವಹಿಸಿಕೊಂಡಿತು. ಈ ಮಾದರಿಯ ನ್ಯಾಯಾಲಯಗಳು ಮುಂದೆ ಲೋಕದ ನಾನಾ ದೇಶಗಳಲ್ಲಿ ಹರಡಿದುವು.

ದಾನಕ್ಕೂ ಪೌರಕಾರ್ಯಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದಾನಿಯು ಕೊಟ್ಟು, ಕೊಡುತ್ತಲೇ ಇರುತ್ತಾನೆ. ಈ ಸಂಘಗಳಾದರೋ ಒಂದು ಕೆಲಸವನ್ನು ತಮ್ಮ ಹಣದಿಂದ ಮಾಡಿ ತೋರಿಸಿ, ಇದು ಆಗುವ ಕೆಲಸವೆಂದು ಸಿದ್ಧಪಡಿಸಿ, ಬಳಿಕ ಸರಕಾರದ ಹೆಗಲಿಗೆ ಏರಿಸಿ ತಾವು ಮುಂದಿನ ಕೆಲಸಕ್ಕೆ ಹೋಗುತ್ತಿದ್ದುವು. ಲೇತ್ರಪ್ 1912ರಲ್ಲಿ ಅಮೆರಿಕ ಸರಕಾರದ ಮಕ್ಕಳ ಇಲಾಖೆಯ ಮೊದಲ ಮುಖ್ಯಸ್ಥೆಯಾದಾಗ ಆಕೆಗೆ ಕೊಟ್ಟ ಸಿಬ್ಬಂದಿ ಹದಿನೈದು ಮಂದಿ. ದೇಶದಲ್ಲಿ ವರ್ಷಕ್ಕೆ ಎಷ್ಟು ಕೂಸುಗಳು ಸಾಯುತ್ತವೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಏಕೆಂದರೆ ಎಷ್ಟು ಹುಟ್ಟುತ್ತವೆ ಎಂಬುದೇ ಸರಿಯಾಗಿ ದಾಖಲಾಗುತ್ತಿರಲಿಲ್ಲ. ಆಗ ಮಹಾಮಂಡಲಕ್ಕೆ ಸೇರಿದ ಊರೂರಿನ ಸಂಘಗಳ ಹೆಂಗಸರು ಮನೆಮನೆಗೆ ಹೋಗಿ, ಆ ವರ್ಷ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಸರಕಾರಿ ದಫ್ತರದೊಡನೆ ಹೋಲಿಸಿ ನೋಡಿದರು. ಓಣಿಯ ಕಸವನ್ನು ಎಣಿಸಿದ ವಿದ್ಯೆಯೇ ಇಲ್ಲಿಯೂ. ಇಲಾಖೆಯು ಜಾನ್ಸ್‌ಟೌನ್ ಎಂಬ ಉಕ್ಕಿನ ಪಟ್ಟಣದಲ್ಲಿ ನಡೆಸಿದ ಪರಿಶೀಲನೆಯಲ್ಲಿ, ತಂದೆಯ ಸಂಪಾದನೆ ಕಡಿಮೆಯಾದಷ್ಟೂ ಕೂಸುಗಳ ಸಾವು ಹೆಚ್ಚು ಎಂಬುದು ಬೆಳಕಿಗೆ ಬಂದಿತು. ತಾಯಿಯ ಅಜ್ಞಾನವೇ ಕಾರಣವೆಂದು ಹೇಳಿ ಕೈ ತೊಳೆದುಕೊಳ್ಳುವುದು ಅಲ್ಲಿಂದ ಮುಂದೆ ಅಷ್ಟು ಸುಲಭವಾಗಲಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಉಳಿಯುತ್ತಿತ್ತು. ಆದರೆ ಊರೇ ಮನೆಯೆಂದವರು ಆ ಮನೆಯ ಎಲ್ಲ ಮಕ್ಕಳನ್ನೂ ಒಳಗೆ ಕರೆದರೇ? 1894ರಲ್ಲಿ ಫ್ಯಾನಿ ಬ್ಯಾರಿಯರ್ ವಿಲಿಯಮ್ಸ್ ಎಂಬ ನೀಗ್ರೋ ಮಹಿಳೆಯ ಹೆಸರು ಚಿಕಾಗೋ ಮಹಿಳಾ ಸಂಘದ ಸದಸ್ಯತ್ವಕ್ಕೆ ಸೂಚಿತವಾಯಿತು. ಆಕೆ ಉಪಾಧ್ಯಾಯಿನಿಯಾಗಿದ್ದವಳು, ಒಳ್ಳೆಯ ವಾಗ್ಮಿ. ಯೋಗ್ಯತೆಯ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ; ಚರ್ಚೆಯೆಲ್ಲ ಬಣ್ಣದ್ದು. ಹದಿನಾಲ್ಕು ತಿಂಗಳು ವಾದವಿವಾದ ನಡೆದು 1896ರಲ್ಲಿ ಆಕೆಗೆ ಪ್ರವೇಶ ದೊರೆಯಿತು. ಕಸದ ವಿಷಯದಲ್ಲಿ ಎರಡು ತಿಂಗಳಲ್ಲಿ 1,037 ದೂರು ಬರೆಯುವಷ್ಟು ಚುರುಕಾದ ಊರಿನಲ್ಲಿ ಒಬ್ಬ ಹೆಂಗಸಿಗೆ ಕುರ್ಚಿ ಕೊಡಲು ಹದಿನಾಲ್ಕು ತಿಂಗಳು! ಅಷ್ಟಾದರೂ ಚಿಕಾಗೋ ಒಪ್ಪಿತು. ಮಹಾಮಂಡಲದ 1900ರ ಮಿಲ್ವಾಕಿ ಅಧಿವೇಶನಕ್ಕೆ ಬಾಸ್ಟನ್ನಿನಿಂದ ಜೋಸೆಫಿನ್ ರಫಿನ್ ಬಂದಾಗ, ಬಿಳಿಯರ ಸಂಘಗಳ ಪ್ರತಿನಿಧಿಯಾಗಿ ಕುಳಿತುಕೊಳ್ಳಬಹುದು, ತನ್ನ ನೀಗ್ರೋ ಸಂಘದ ಪ್ರತಿನಿಧಿಯಾಗಿ ಕೂಡದು ಎಂದರು. ಆಕೆಯ ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತುಕೊಳ್ಳಲೂ ಒಬ್ಬರು ಕೈಹಾಕಿದರು. ಆಕೆ ಬಿಲ್ಲೆಯನ್ನು ಬಿಡಲಿಲ್ಲ. ಅವರ ಷರತ್ತಿಗೂ ಒಪ್ಪಲಿಲ್ಲ. ಜಾತಿಯ ಲೆಕ್ಕದಲ್ಲಿ ಪಂಕ್ತಿ ಹಾಕಿದುದನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನೀಗ್ರೋ ಮಹಿಳೆಯರು ಬಾಗಿಲು ತೆರೆಯಲೆಂದು ಕಾಯುತ್ತ ಕೂರಲಿಲ್ಲ. 1896ರಲ್ಲಿಯೇ ಅವರ ಸಂಘಗಳು ತಮ್ಮದೇ ರಾಷ್ಟ್ರೀಯ ಮಂಡಲವಾಗಿ ಕೂಡಿದ್ದುವು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷಿಣಿ. ಚಿಕಾಗೋದಲ್ಲಿ ಐಡಾ ವೆಲ್ಸ್ 1893ರಲ್ಲಿಯೇ ನೀಗ್ರೋ ಮಹಿಳೆಯರ ಸಂಘವನ್ನು ಆರಂಭಿಸಿದ್ದಳು. ನೀಗ್ರೋಗಳನ್ನು ಗುಂಪುಗೂಡಿ ಕೊಲ್ಲುವ ಅನಾಚಾರದ ವಿವರಗಳನ್ನು ಹೆಸರು ದಿನಾಂಕ ಸಹಿತ ಸಂಗ್ರಹಿಸಿ ಪ್ರಕಟಿಸಿ, ಅದಕ್ಕಾಗಿ ತನ್ನ ಪತ್ರಿಕಾಲಯವನ್ನೇ ಕಳೆದುಕೊಂಡ ಧೀರೆ ಆಕೆ.

1910ರಲ್ಲಿ ಚಿಕಾಗೋ ಮಹಿಳಾ ನಗರ ಸಂಘ ಎಂಬ ಹೊಸ ಸಂಸ್ಥೆ ಹುಟ್ಟಿತು. ಇದಕ್ಕೆ ಓದಿನ ಹಂಗಿಲ್ಲ, ಹೆಸರೇ ಹೇಳುವಂತೆ ನಗರದ ಆಡಳಿತವೇ ಇದರ ವಿಷಯ. ಗಂಡಸರದೂ ಇಂಥದೇ ಒಂದು ಸಂಘ 1903ರಿಂದ ಇತ್ತು. ಒಂದೇ ಕಸದ ಪ್ರಶ್ನೆಯನ್ನು ಎರಡೂ ಕೈಗೆತ್ತಿಕೊಂಡಾಗ, ಗಂಡಸರು ಕೇಳಿದುದು ಖರ್ಚೆಷ್ಟು ಎಂದು, ಹೆಂಗಸರು ಕೇಳಿದುದು ಜನರ ಆರೋಗ್ಯಕ್ಕೆ ಯಾವುದು ಮೇಲು ಎಂದು. ಕಸದ ವಿಲೇವಾರಿಯನ್ನು ನಗರವೇ ನಡೆಸಬೇಕೆಂದು ಇವರ ಪಟ್ಟು. ಇವರಲ್ಲಿ ಮೇರಿ ಮೆಕ್‌ಡೊವೆಲ್ ಎಂಬಾಕೆ ಕಸಾಯಿಖಾನೆಗಳ ಹಿಂದಿನ ಬಡಾವಣೆಯಲ್ಲಿ ವಾಸಿಸುತ್ತಿದ್ದಳು. ಇಡೀ ಊರಿನ ಕಸವನ್ನು ತಂದು ಸುರಿಯುವ ಹೊಂಡಗಳು ಅಲ್ಲಿದ್ದುವು. ಕೊಳೆತ ಮಾಂಸದಿಂದ ಏಳುವ ಗುಳ್ಳೆಗಳಿಂದಾಗಿ ಹೆಸರು ಪಡೆದ ಒಂದು ಕಾಲುವೆಯೂ ಇತ್ತು. ಆಕೆ 1911ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ನಗರಗಳು ಕಸವನ್ನು ಏನು ಮಾಡುತ್ತವೆಂದು ನೋಡಿಕೊಂಡು ಬಂದು ಸಂಘಸಂಘಗಳಲ್ಲಿ ಉಪನ್ಯಾಸ ಕೊಟ್ಟಳು. ಕೇಳಿದವರು ತಲೆದೂಗಿದರು; ಪುರಸಭೆ ಅಲುಗಲಿಲ್ಲ.

1913ರ ಜೂನಿನಲ್ಲಿ ಇಲಿನಾಯ್‌ನ ಸ್ತ್ರೀಯರಿಗೆ ದೇಶದ ಅಧ್ಯಕ್ಷರ ಚುನಾವಣೆಯಲ್ಲಿಯೂ ನಗರಸಭೆಯ ಚುನಾವಣೆಗಳಲ್ಲಿಯೂ ಮತ ಹಾಕುವ ಹಕ್ಕು ಬಂದಿತು. ಶಾಸನಸಭೆಗೆ, ಗವರ್ನರ ಪದವಿಗೆ ಇನ್ನೂ ಇಲ್ಲ. ದೇಶಕ್ಕೆಲ್ಲ ಸ್ತ್ರೀ ಮತಾಧಿಕಾರ ಬರಲು 1920 ಆಗಬೇಕಾಯಿತು. ಆದರೂ ಪುರಸಭೆಯ ಕಿವಿ ತಟಕ್ಕನೆ ತೆರೆಯಿತು. ನಗರದ ಕಸದ ಸಮಸ್ಯೆಗೆಂದೇ ಒಂದು ಆಯೋಗ ನೇಮಕವಾಗಿ, ಮೆಕ್‌ಡೊವೆಲ್ ಅದರಲ್ಲಿ ಕುಳಿತಳು. 1923ರಲ್ಲಿ ಆಕೆ ನಗರದ ಜನಕ್ಷೇಮ ಕಮಿಷನರೂ ಆದಳು.

ಐಡಾ ವೆಲ್ಸ್ 1913ರಲ್ಲಿಯೇ ಆಲ್ಫಾ ಎಂಬ ಹೆಸರಿನ ಸ್ತ್ರೀ ಮತಾಧಿಕಾರ ಸಂಘವನ್ನು ಕಟ್ಟಿದ್ದಳು. ಅದರ ಸದಸ್ಯೆಯರು ನೀಗ್ರೋ ಬಡಾವಣೆಯಲ್ಲಿ ಬೀದಿಬೀದಿ ಹಂಚಿಕೊಂಡು, ಬಾಗಿಲು ಬಡಿದು, ಹೆಂಗಸರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಲು ಹೊರಟರು. ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಿರೆಂದು ತಮ್ಮವರೇ ಆದ ಗಂಡಸರು ಅಣಕಿಸಿದಾಗ ಕೆಲವರು ಅಳುತ್ತ ಹಿಂದಿರುಗಿದರು. ವೆಲ್ಸ್ ಅವರನ್ನು ಮತ್ತೆ ಕಳುಹಿಸಿದಳು. 1915ರಲ್ಲಿ ಆ ವಾರ್ಡಿನಿಂದ ಆಸ್ಕರ್ ಡಿ ಪ್ರೀಸ್ಟ್ ಚಿಕಾಗೋ ನಗರಸಭೆಗೆ ಆಯ್ಕೆಯಾದನು. ಆ ಸಭೆಯಲ್ಲಿ ಕುಳಿತ ಮೊದಲ ನೀಗ್ರೋ ಸದಸ್ಯ ಆತ.